ಲಖ್ವಿಯ ತಿಂಗಳ ಸಾಮಾನು ಚೀಟಿ

ಹೋದ ವಾರ ನಮ್ಮಮ್ಮನ ಪಿಂಚಣಿ ಖಾತೆ ಲಾಕ್ ಆಯಿತು. ಕೆವೈಸಿ ಆಗಿಲ್ಲವಂತೆ. ಆಟೋದಲ್ಲಿ ಕರ್ಕೊಂಡು ಹೋದೆ. ಕೌಂಟರಿನವರು ಒಂದು ಫಾರಂ ಕೊಟ್ಟರು. ಅದರಲ್ಲೊಂದು ಪ್ರಶ್ನೆ: ನೀವು ರಾಜಕೀಯವಾಗಿ ಪ್ರಭಾವಿ ವ್ಯಕ್ತಿಯೇ? ಅಮ್ಮ ಕನ್ನಡಕ ಮೇಲೇರಿಸಿ, "ಮಹಿಳಾ ಮಂಡಳಿಗೆ ಒಂದು ವರ್ಷ ಖಜಾಂಚಿ ಆಗಿದ್ದೆನಲ್ಲೋ, ಅದನ್ನ ಬರೀಬೇಕಾ?" ಅಂದಳು.

ಮೂರು ಸಲ ಸಹಿ ಹಾಕಿಸಿದರು. ಮೂರೂ ಹೊಂದಲಿಲ್ಲ. ಎಂಬತ್ತೊಂದರ ಕೈ ಸ್ವಾಮಿ, ನಡುಗುತ್ತದೆ.

"ಯಾಕ್ರೀ ಇಷ್ಟೆಲ್ಲಾ?" ಅಂದೆ.

"ಉಗ್ರರಿಗೆ ದುಡ್ಡು ಹೋಗಬಾರದಲ್ಲ ಸಾರ್, ಅದಕ್ಕೆ."

ದೇಶದ ವಿಷಯ ಅಂದಮೇಲೆ ಮುಗೀತು. ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತೆ. ಕೂತಲ್ಲೇ ಲಖ್ವಿ ನೆನಪಾದ. 26/11ರ ಮುಂಬೈ ದಾಳಿಯ ಸಂಚುಕೋರ, ಪಾಕಿಸ್ತಾನದ ಉಗ್ರ ಸಂಘಟನೆ ಲಷ್ಕರ್-ಎ-ತೊಯ್ಬಾದವನು. 2008ರ ಡಿಸೆಂಬರಿನಲ್ಲೇ ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿ ಸೇರಿದವನು. ಅವನ ಖಾತೆಯೂ ಲಾಕ್ ಆಗಿತ್ತು, ನಮ್ಮಮ್ಮನ ಹಾಗೇ. ಆದರೆ ಮನುಷ್ಯ ಅಂದಮೇಲೆ ಹೊಟ್ಟೆ ಇರುತ್ತದಲ್ವಾ? 2020ರಲ್ಲಿ ಪಾಕಿಸ್ತಾನ ಅವನ ಪರವಾಗಿ ಅರ್ಜಿ ಹಾಕಿತು. ತಿಂಗಳಿಗೆ ಒಂದೂವರೆ ಲಕ್ಷ ಪಾಕ್ ರೂಪಾಯಿ ತೆಗೆಯಲು ವಿಶ್ವಸಂಸ್ಥೆಯ ಸಮಿತಿ ಒಪ್ಪಿತು. ಚೀಟಿ ನೋಡಿ: ಊಟಕ್ಕೆ 50 ಸಾವಿರ, ಔಷಧಿಗೆ 45 ಸಾವಿರ, ಕರೆಂಟು ನೀರಿನಂಥ ಬಿಲ್ಲುಗಳಿಗೆ 20 ಸಾವಿರ, ವಕೀಲರಿಗೆ 20 ಸಾವಿರ, ಓಡಾಟಕ್ಕೆ 15 ಸಾವಿರ. ನಮ್ಮ ಶೆಟ್ಟರ ಅಂಗಡಿ ಚೀಟಿಯೂ ಇಷ್ಟು ನೀಟಾಗಿರುವುದಿಲ್ಲ. ಓಡಾಟ ಎಲ್ಲಿಗೆ, ಯಾರನ್ನು ನೋಡೋಕೆ? ಅಂಥ ಪ್ರಶ್ನೆಗೆ ಫಾರಮಿನಲ್ಲಿ ಜಾಗ ಇರಲಿಲ್ಲವೇನೋ. ಸಹಿ ಮಾತ್ರ ಹೊಂದಿರಬೇಕು.

ಲಷ್ಕರ್ ಕಟ್ಟಿದ ಹಫೀಜ್ ಸಯೀದನದು ಇನ್ನೂ ಚೆನ್ನ. ಆತ ಲಾಹೋರಿನ ಎಂಜಿನಿಯರಿಂಗ್ ವಿಶ್ವವಿದ್ಯಾಲಯದ ನಿವೃತ್ತ ಮೇಷ್ಟ್ರು. ಪಿಂಚಣಿ ಬರುತ್ತಿತ್ತು! 2019ರಲ್ಲಿ ಅವನ ಸಂಸಾರದ ಖರ್ಚಿಗೂ ಹೀಗೇ ಅರ್ಜಿ ಹೋಯಿತು. ಆಕ್ಷೇಪ ಇದ್ದವರು ಆಗಸ್ಟ್ 15ರೊಳಗೆ ಹೇಳಿ ಎಂದರು. ಯಾರೂ ಹೇಳಲಿಲ್ಲ, ಮಂಜೂರಾಯಿತು. ನಾವು ಅವತ್ತು ಧ್ವಜ ಹಾರಿಸಿ ಲಾಡು ಹಂಚುತ್ತಿದ್ದೆವು.

ಅತ್ತ ಪ್ಯಾರಿಸ್ಸಿನಲ್ಲಿ ಎಫ್‌ಎಟಿಎಫ್ ಅಂತ ಒಂದಿದೆ, ಉಗ್ರರಿಗೆ ಹೋಗುವ ದುಡ್ಡಿನ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ. ಅದು ಪಾಕಿಸ್ತಾನವನ್ನು 2018ರಲ್ಲೇ ಬೂದುಪಟ್ಟಿಗೆ, ಅಂದರೆ ನಿಗಾ ಇಡಬೇಕಾದ ದೇಶಗಳ ಪಟ್ಟಿಗೆ ಹಾಕಿತ್ತು. ಉಗ್ರರಿಗೆ ದುಡ್ಡು ನಿಲ್ಲಿಸಿ ತೋರಿಸು ಎಂದಿತ್ತು. ಇನ್ಸ್‌ಪೆಕ್ಟರ್ ಬರುವ ದಿನ ಶಾಲೆಗೆ ಸುಣ್ಣ ಹೊಡೆಯುತ್ತಾರಲ್ಲ, ಹಾಗೆ ಶುರುವಾಯಿತು ನೋಡಿ. 2021ರ ಜನವರಿ 2ಕ್ಕೆ ಲಖ್ವಿ ಬಂಧನ. ಜನವರಿ 8ಕ್ಕೆ ಐದು ವರ್ಷ ಜೈಲು! ಆರೇ ದಿನ. ನಮ್ಮ ಬೀದಿಯ ಕಾಂಪೌಂಡ್ ಗೋಡೆ ಕೇಸಿಗೆ ಈಗ ಹದಿನಾಲ್ಕನೇ ವರ್ಷ. ಇನ್ನು ಸಾಜಿದ್ ಮೀರ್, ಅದೇ ಮುಂಬೈ ದಾಳಿಯ ಇನ್ನೊಬ್ಬ ಸಂಚುಕೋರ. ಅವನು ಸತ್ತೇ ಹೋಗಿದ್ದಾನೆ ಎನ್ನುತ್ತಿದ್ದರು. 2022ರಲ್ಲಿ ಅವನಿಗೆ ಹದಿನೈದು ವರ್ಷ ಶಿಕ್ಷೆ ಎಂಬ ಸುದ್ದಿ ಬಂತು. ಸತ್ತವನನ್ನೂ ಎಬ್ಬಿಸಿ ಜೈಲಿಗೆ ಹಾಕಿದ ಶ್ರದ್ಧೆಗೆ ಮೆಚ್ಚಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ಪಾಕಿಸ್ತಾನಕ್ಕೆ ಬೂದುಪಟ್ಟಿಯಿಂದ ಬಿಡುಗಡೆ.

ಲಖ್ವಿಯ ಅಪರಾಧ ಏನೆಂದುಕೊಂಡಿರಿ? ದವಾಖಾನೆ ಹೆಸರಲ್ಲಿ ಚಂದಾ ಎತ್ತಿದ್ದು. ಮುಂಬೈಯಲ್ಲಿ ಸತ್ತವರು 166 ಜನ. ಬೆಂಗಳೂರಿನ ಹುಡುಗ ಸಂದೀಪ್ ಉನ್ನಿಕೃಷ್ಣನ್ ತಾಜ್ ಒಳಗೆ ಹೋದವನು ಹೆಣವಾಗಿ ಬಂದ. ಆ ಕೇಸು ಪಾಕಿಸ್ತಾನದ ಕೋರ್ಟಿನಲ್ಲಿ ಕೊಳೆಯುತ್ತಿದೆ. ಜೈಲಾದದ್ದು ದುಡ್ಡಿನ ಲೆಕ್ಕಕ್ಕೆ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಸುಮ್ನೆ ಹೊಟ್ಟೆ ಉರಿಯುತ್ತದೆ.

ಅಷ್ಟರಲ್ಲಿ ಅಮ್ಮನ ಬೆರಳನ್ನು ಯಂತ್ರದ ಮೇಲೆ ಒತ್ತಿಸಿದರು. ಅಚ್ಚು ಮೂಡಲಿಲ್ಲ. ಅರವತ್ತು ವರ್ಷ ಪಾತ್ರೆ ತಿಕ್ಕಿದ ಬೆರಳು. "ಸೋಮವಾರ ಬನ್ನಿ ಸಾರ್, ಸರ್ವರ್ ನೋಡೋಣ."

ವಾಪಸ್ ಬರುವಾಗ ಆಟೋದಲ್ಲಿ ಅಮ್ಮನಿಗೆ ಈ ಕಥೆ ಹೇಳಿದೆ. ಅವಳಿಗೆ ಕಿವಿ ಸ್ವಲ್ಪ ಮಂದ.

"ಯಾರಿಗೋ ಲಕ್ವಾ ಹೊಡೆದಿರೋದು?"

"ಲಕ್ವಾ ಅಲ್ಲಮ್ಮ, ಲಖ್ವಿ. ತಿಂಗಳಿಗೆ ಔಷಧಿಗೇ 45 ಸಾವಿರ ಕೊಟ್ಟರಂತೆ."

"ಪಾಪ, ಆಗತ್ತೆ ಬಿಡು ಅಷ್ಟು" ಅಂದಳು. "ನನ್ನ ಬಿಪಿ ಮಾತ್ರೆ ನಾಳೆಗೆ ಖಾಲಿ ಕಣೋ."