ಇಲ್ಲದ್ದು ಕಂಡರೆ ಹುಚ್ಚೇ?

ಇಲ್ಲದ ಆಕೃತಿ ಕಂಡರೆ ಹುಚ್ಚಿನ ಆರಂಭ, ಇಲ್ಲವೇ ಗಾಳಿ ಸೋಕಿದೆ ಎನ್ನುವ ಸಂದೇಶ ಮೊಬೈಲಿಗೆ ಮತ್ತೆ ಮತ್ತೆ ಬರುತ್ತದೆ. ಅದು ಸರಿಯಲ್ಲ. ಮಾನಸಿಕ ಕಾಯಿಲೆ ಹಲವು ಕಾರಣಗಳಲ್ಲಿ ಒಂದು ಮಾತ್ರ. ನಿದ್ದೆಗೆಟ್ಟು ದಣಿದವರಿಗೆ, ತೀವ್ರ ಒತ್ತಡದಲ್ಲಿರುವವರಿಗೆ ಕಣ್ಣಂಚಿನಲ್ಲಿ ನೆರಳು ಸರಿದಂತೆ ಕಾಣಬಹುದು. ನಿದ್ದೆಗೆ ಜಾರುವ, ಎಚ್ಚರಗೊಳ್ಳುವ ಹೊತ್ತಿನಲ್ಲಂತೂ ಆರೋಗ್ಯವಂತರಿಗೂ ಮುಖಗಳು, ಮನುಷ್ಯರು ಕಾಣುವುದುಂಟು. ಕನಸು ಎಚ್ಚರದೊಳಕ್ಕೆ ನುಸುಳಿರುತ್ತದೆ, ಅಷ್ಟೇ. ಮೈಗ್ರೇನ್, ಜ್ವರ, ಕುಂದಿದ ದೃಷ್ಟಿ, ಕೆಲವು ಔಷಧಗಳೂ ಕಾರಣವಾಗಬಲ್ಲವು.

ಹಂಚುವವರದು ಹೆಚ್ಚಾಗಿ ಕಾಳಜಿಯೇ. ಆದರೂ ಸಂದೇಶಕ್ಕೆ ಮೂಲವಿದೆಯೇ, ಒಂದು ಲಕ್ಷಣಕ್ಕೆ ಒಂದೇ ಕಾರಣ ಹೇಳುತ್ತಿದೆಯೇ ನೋಡಿ. ವೈದ್ಯಕೀಯ ಪಠ್ಯಗಳು ಹಾಗೆ ಹೇಳುವುದು ಅಪರೂಪ. ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಮರುಕಳಿಸಿದರೆ ವೈದ್ಯರಿಗೆ ತೋರಿಸಿ. ದಿಢೀರ್ ಗೊಂದಲ, ತೊದಲು ಮಾತು ಜೊತೆಗಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.