ಪುಕ್ಕಲು ಬೆಕ್ಕನ್ನು ಬೈಯುವ ಮೊದಲು

ಮೊನ್ನೆ ಕುಶಾಲನಗರದಿಂದ ತಂಗಿ ಫೋನ್ ಮಾಡಿದ್ದಳು. ನಾನೇ ಕೊಟ್ಟ ಬೆಕ್ಕಿನ ಮೇಲೆ ದೂರು. "ಎರಡು ವರ್ಷ ಆಯ್ತು ಅಕ್ಕ, ಇನ್ನೂ ಒಂದು ಸಲ ಮುಟ್ಟೋಕೆ ಬಿಟ್ಟಿಲ್ಲ. ತಟ್ಟೆ ಇಟ್ಟು ನಾನು ಅಡುಗೆಮನೆಯಿಂದ ಆಚೆ ಹೋದ್ಮೇಲೇ ಅದು ಬಂದು ತಿನ್ನೋದು. ಅದರ ಮನೇಲಿ ನಾವು ಬಾಡಿಗೆಗೆ ಇದ್ದ ಹಾಗಿದೆ." ಹಿಂದಿನಿಂದ ಅವಳ ಗಂಡನ ದನಿ: "ಬೆಕ್ಕಿನ ಜಾತಿಯೇ ಹಾಗೆ, ನಿಯತ್ತಿಲ್ಲ."

ನಾನು ಸುಮ್ಮನೆ ಹ್ಞೂಂ ಅಂದೆ. ತಪ್ಪು ಬೆಕ್ಕಿನದ್ದಲ್ಲ, ನನ್ನದು ಅಂತ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಅವಳೂ ಓದಲಿ.

ನಮ್ಮ ಕೊಡಗಿನ ಸುಂಟಿಕೊಪ್ಪ ಕಡೆ ತೋಟದ ಮನೆಗಳಲ್ಲಿ ಬೆಕ್ಕು ಸಾಕುವುದು ಇಲಿಗೋಸ್ಕರ. ಕಾಫಿ ಗೋಡೌನಿನಲ್ಲಿ ಗೋಣಿಚೀಲದ ಸಂದಿಯಲ್ಲಿ ಅದು ಮರಿ ಹಾಕುತ್ತದೆ. ಆ ಕಡೆ ಹೋಗಬಾರದು, ಮನುಷ್ಯರ ವಾಸನೆ ತಾಗಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಅಂತ ನನ್ನ ಅಜ್ಜಿಯ ಕಾಲದಿಂದ ಹೇಳಿಕೊಂಡು ಬಂದಿದ್ದೇವೆ. ಏಳು ಮನೆ ಬದಲಾಯಿಸುತ್ತದೆ ಅನ್ನುವ ಮಾತೂ ಇದೆ. ಜಾಗ ಬದಲಾಯಿಸುವುದು ನಿಜ. ಆದರೆ ಮನೆಯವರ ಪರಿಚಯ ಇರುವ ಸಾಕುಬೆಕ್ಕು, ನಾವು ಮುಟ್ಟಿದೆವು ಅಂತ ಮರಿಯನ್ನು ಬಿಟ್ಟು ಹೋಗುವುದನ್ನು ನಾನಂತೂ ನೋಡಿಲ್ಲ. ಈ ನಂಬಿಕೆಯಿಂದ ಆಗುವುದೇನೆಂದರೆ ಮರಿಗಳು ಎರಡು, ಎರಡೂವರೆ ತಿಂಗಳು ಗೋಡೌನಿನ ಕತ್ತಲಲ್ಲೇ ಬೆಳೆಯುತ್ತವೆ. ಆಮೇಲೆ ಯಾರೋ ಕೇಳುತ್ತಾರೆ, "ಮರಿ ಇದೆಯಾ?" ಅಂತ. ಆಗ ಶುರುವಾಗುತ್ತದೆ ಬೇಟೆ.

ತಂಗಿಯ ಬೆಕ್ಕನ್ನು ಹಿಡಿದದ್ದು ಹಾಗೆಯೇ. ನಾನು ಪೊರಕೆ ಹಿಡಿದು ಒಂದು ಮೂಲೆಯಲ್ಲಿ, ತೋಟದ ಕೆಲಸದವರ ಹಾಜರಿ ನೋಡಿಕೊಳ್ಳುವ ನಮ್ಮ ರೈಟರ್ ಗೋಣಿಚೀಲ ಬಿಚ್ಚಿಕೊಂಡು ಇನ್ನೊಂದು ಮೂಲೆಯಲ್ಲಿ. ಅರ್ಧ ಗಂಟೆ. ಅವರ ಹೆಬ್ಬೆರಳಿಗೆ ಕಚ್ಚಿ, ನನ್ನ ಮೊಣಕೈ ಗೀರಿ, ಕೊನೆಗೆ ಚೀಲದೊಳಗೆ ಬಿತ್ತು. ಚೀಲದ ಬಾಯಿ ಕಟ್ಟಿ ಜೀಪಿನ ಹಿಂದೆ ಇಟ್ಟು ಕುಶಾಲನಗರಕ್ಕೆ ಕಳಿಸಿದೆವು. ಮನುಷ್ಯರ ಕೈ ಅದಕ್ಕೆ ಮೊದಲ ಸಲ ತಾಗಿದ್ದು ಅವತ್ತು. ತೆನಾಲಿ ರಾಮಕೃಷ್ಣ ಬೆಕ್ಕಿಗೆ ಕುದಿಯುವ ಹಾಲು ಇಟ್ಟ ಕಥೆ ಕೇಳಿ ಚಿಕ್ಕಂದಿನಲ್ಲಿ ಎಷ್ಟು ನಕ್ಕಿದ್ದೇವೆ! ಹಾಲು ಕಂಡರೆ ಓಡುವ ಬೆಕ್ಕು ನೋಡಿ ರಾಜನೇ ಬೆಚ್ಚಿಬಿದ್ದ ಅಂತ. ಮೊದಲ ಸಲ ಬಾಯಿ ಸುಟ್ಟರೆ ಆಮೇಲೆ ತಣ್ಣನೆಯ ಹಾಲಿಟ್ಟರೂ ಅಷ್ಟೇ. ನಾವು ಸುಟ್ಟದ್ದು ಗೋಣಿಚೀಲದಲ್ಲಿ.

ಮರಿಗೆ ಮನುಷ್ಯರು ತನ್ನವರು ಅನ್ನಿಸುವ ವಯಸ್ಸು ಬಹಳ ಚಿಕ್ಕದು. ಎರಡನೇ ವಾರದಿಂದ ಸುಮಾರು ಏಳನೇ ವಾರದವರೆಗೆ. ನಾಯಿಮರಿಗಾದರೆ ಮೂರು ತಿಂಗಳವರೆಗೂ ಅವಕಾಶವಿದೆ, ಬೆಕ್ಕಿಗೆ ಅಷ್ಟಿಲ್ಲ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ ಎಂಬಾಕೆ 1980ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ದಿನಕ್ಕೆ 15 ನಿಮಿಷ ಎತ್ತಿ ಆಡಿಸಿದ ಮರಿಗಳಿಗಿಂತ 40 ನಿಮಿಷ ಆಡಿಸಿದವು ಮನುಷ್ಯರಿಗೆ ಹೆಚ್ಚು ಹೊಂದಿಕೊಂಡವು. ಅಂದರೆ "ಮರಿ ಇದೆಯಾ" ಅಂತ ನಾವು ಕೇಳುವ ಹೊತ್ತಿಗೆ ಆ ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ. ಆಮೇಲೆ ನಿಯತ್ತಿಲ್ಲ ಅಂತ ಬೈಯುತ್ತೇವೆ.

ಎಲ್ಲ ನಮ್ಮದೇ ತಪ್ಪು ಅಂತಲೂ ಅಲ್ಲ ಬಿಡಿ. ಗಂಡು ಬೆಕ್ಕಿನ ಸ್ವಭಾವವೂ ಮರಿಗೆ ಬರುತ್ತದೆ, 1995ರಲ್ಲಿ ಸಾಂಡ್ರಾ ಮೆಕ್ಯೂನ್ ಅದನ್ನು ತೋರಿಸಿದ್ದಾರೆ. ಅಪ್ಪ ಮರಿಗಳ ಹತ್ತಿರ ಸುಳಿಯದಿದ್ದರೂ ಅವನ ಧೈರ್ಯ ಸುಳಿಯುತ್ತದೆ. ನಮ್ಮ ತೋಟಕ್ಕೆ ಬರುವ ಕೆಂಚು ಗಂಡುಬೆಕ್ಕು ಮನುಷ್ಯರ ನೆರಳು ಕಂಡರೆ ಕಾಫಿಗಿಡದೊಳಗೆ ಮಾಯ. ಅಂಥವನ ಮಕ್ಕಳಿಂದ ನಾವು ಎಷ್ಟು ಅಂತ ನಿರೀಕ್ಷೆ ಮಾಡುವುದು?

ಇಷ್ಟೆಲ್ಲ ಓದಿಕೊಂಡ ಮೇಲೆ ಕಳೆದ ವರ್ಷ ಬೇರೆ ರೀತಿ ಮಾಡಿ ನೋಡಿದೆ. ಮೇ ಕೊನೆಯಲ್ಲಿ ತಾಯಿಯ ಹೊಟ್ಟೆ ನೋಡಿ, ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಪಕ್ಕ, ಸೌದೆ ರಾಶಿಯ ಮರೆಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಹಳೆಯ ಕಂಬಳಿ ಹಾಸಿದೆ. ನಮ್ಮ ಮಳೆಗಾಲದಲ್ಲಿ ಒಣಗಿದ, ಬೆಚ್ಚನೆಯ ಜಾಗ ಅಂದರೆ ಅದೊಂದೇ. ಜೂನ್ ಮೊದಲ ವಾರ ನಾಲ್ಕು ಮರಿ. ಒಂಬತ್ತನೇ ದಿನ ಕಣ್ಣು ಬಿಡಲು ಶುರು ಮಾಡಿದವು. ಹದಿನೈದನೇ ದಿನದಿಂದ ನಾನು ಕೈಗೆ ತೆಗೆದುಕೊಳ್ಳತೊಡಗಿದೆ. ಮೊದಲು ತಾಯಿಗೆ ಎರಡು ತುಂಡು ಬೂತಾಯಿ ಮೀನಿನ ಲಂಚ, ಆಮೇಲೆ ಒಂದೊಂದೇ ಮರಿ, ಐದೈದು ನಿಮಿಷ, ದಿನಕ್ಕೆ ಮೂರು ಸಲ. ಬರಬರುತ್ತಾ ಹೊತ್ತು ಹೆಚ್ಚಿಸಿದೆ. ಆ ವಯಸ್ಸಿನಲ್ಲಿ ಅವಕ್ಕೆ ಉಗುರು ಒಳಗೆ ಎಳೆದುಕೊಳ್ಳಲು ಬರುವುದಿಲ್ಲ. ಸ್ವೆಟರಿಗೆ ಮುಳ್ಳುಕಾಯಿಯ ಹಾಗೆ ಅಂಟಿಕೊಳ್ಳುತ್ತಿದ್ದವು, ಒಂದೊಂದೇ ಉಗುರು ಬಿಡಿಸಿ ಕೆಳಗಿಡಬೇಕಿತ್ತು. ಹೊರಗೆ ತಗಡಿನ ಮೇಲೆ ಧೋ ಅಂತ ಮಳೆ, ಅಂಗೈಯಲ್ಲಿ ಹಾಲಿನ ವಾಸನೆಯ ಒಂದು ಉಂಡೆ.

ಮೂರು ಮರಿ ಸಲೀಸು. ನಾಲ್ಕನೆಯದು, ಮೂತಿಯಿಂದ ಬಾಲದವರೆಗೆ ಕಪ್ಪು, ಅದಕ್ಕೆ ಮೆಣಸು ಅಂತ ಹೆಸರಿಟ್ಟೆವು. ಗಾತ್ರ ಮುಷ್ಟಿಯಷ್ಟು, ಸಿಟ್ಟು ಹುಲಿಯಷ್ಟು. ನಾಲ್ಕನೇ ವಾರದಿಂದ ಕೈ ಹತ್ತಿರ ಹೋದರೆ ಸಾಕು, ಕಾದ ಒಗ್ಗರಣೆಗೆ ನೀರು ಬಿದ್ದ ಹಾಗೆ ಚುಸ್ ಅನ್ನುತ್ತಿತ್ತು. ನಾನು ಬಲವಂತವಾಗಿ ಹಿಡಿಯಲಿಲ್ಲ. ನಾಲ್ಕು ದಿನ ನೆಲದ ಮೇಲೆ ಸುಮ್ಮನೆ ಕೂತೆ, ಅದರ ಕಡೆ ಬೆನ್ನು ಹಾಕಿ, ಮಿಕ್ಕ ಮೂರು ಮೈಮೇಲೆ ಹತ್ತಿ ಇಳಿಯುತ್ತಿದ್ದರೂ ಅದನ್ನು ನೋಡದ ಹಾಗೆ. ಐದನೇ ದಿನ ಉಪ್ಪು, ಈರುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿಯ ಎಳೆಯನ್ನು ಬೆರಳ ತುದಿಗೆ ಅಂಟಿಸಿ ನೆಲದ ಮೇಲಿಟ್ಟೆ. ಬಂತು, ಕಿತ್ತುಕೊಂಡು ಓಡಿತು. ಮತ್ತೆ ಬಂತು. ಮೂರನೇ ಸಲ ಓಡಲಿಲ್ಲ, ಅಲ್ಲೇ ತಿಂದಿತು, ತಿನ್ನುವಾಗ ಗುರ್ ಗುರ್ ಅಂತ ಬೆದರಿಸುತ್ತಲೇ ಇತ್ತು. ಆರನೇ ದಿನ ಸಂಜೆ ಒಂದು ಮುಂಗಾಲು ನನ್ನ ಮಂಡಿಯ ಮೇಲೆ ಇಟ್ಟಿತು. ಇಟ್ಟು, ತಾನೇ ಆಶ್ಚರ್ಯಪಟ್ಟ ಹಾಗೆ ನನ್ನ ಮುಖ ನೋಡಿತು. ನಾನು ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆದೆ. ಇದು ನನ್ನ ಹುಚ್ಚಲ್ಲ, ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ, ಹೀಗೆ ಕಣ್ಣು ಮಿಟುಕಿಸಿದರೆ ಬೆಕ್ಕೂ ಹಾಗೇ ಮಿಟುಕಿಸುತ್ತದೆ, ಹತ್ತಿರವೂ ಬರುತ್ತದೆ. ಮೆಣಸು ಮಿಟುಕಿಸಲಿಲ್ಲ, ನನ್ನ ಬೆರಳು ಕಚ್ಚಿತು. ಅದಿರಲಿ.

ಕಚ್ಚುವ ವಿಷಯಕ್ಕೆ ಬಂದರೆ, ಕೈಯನ್ನೇ ಆಟದ ಸಾಮಾನು ಮಾಡಬೇಡಿ. ಮರಿಯಾಗಿದ್ದಾಗ ಮುದ್ದು, ಆರು ತಿಂಗಳಾದ ಮೇಲೆ ರಕ್ತ. ನಾನು ಉದ್ದ ದಾರಕ್ಕೆ ಕೋಳಿಪುಕ್ಕ ಕಟ್ಟಿ ಎಳೆದಾಡಿಸುತ್ತೇನೆ. ಆಟ ಮುಗಿದ ಮೇಲೆ ದಾರ ಎತ್ತಿಡಬೇಕು, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಹಸುವಿನ ಹಾಲು. ತಟ್ಟೆ ತುಂಬ ಹಾಲಿಟ್ಟು "ಪಾಪ ಕುಡೀಲಿ" ಅನ್ನುವವರೇ ಎಲ್ಲ. ಅದರಿಂದ ಮರಿಗೆ ಭೇದಿ ಶುರುವಾದರೆ ಎರಡು ದಿನದಲ್ಲಿ ಸುಸ್ತಾಗಿ ಬೀಳುತ್ತದೆ.

ನಾನು ಮಾಡಿದ ಇನ್ನೊಂದು ತಪ್ಪು ಐದನೇ ವಾರದಲ್ಲಿ ಗೊತ್ತಾಯಿತು. ನಾಲ್ಕೂ ನನ್ನ ಮೈಮೇಲೆ ಮಲಗುತ್ತಿದ್ದವು, ಬಚ್ಚಲಿಗೆ ರೈಟರ್ ಬಂದರೆ ನಾಲ್ಕೂ ಸೌದೆಯ ಹಿಂದೆ. ಅವರಿಗೆ ದಪ್ಪ ಮೀಸೆ, ಗಮ್‌ಬೂಟು, ಗುಡ್ಡದ ಆಚೆಗೂ ಕೇಳುವ ಗಂಟಲು. ಮರಿಗಳ ಲೆಕ್ಕದಲ್ಲಿ ಮನುಷ್ಯರೆಂದರೆ ನಾನೊಬ್ಬಳೇ, ಮಿಕ್ಕವರು ಬೇರೆ ಪ್ರಾಣಿ. ಒಬ್ಬರೇ ಆಡಿಸಿದ ಮರಿಗೂ ಐದು ಜನ ಆಡಿಸಿದ ಮರಿಗೂ ಹೊಸಬರನ್ನು ಕಂಡಾಗ ವ್ಯತ್ಯಾಸವಿರುತ್ತದೆ ಅಂತ 1967ರಲ್ಲೇ ಒಂದು ಅಧ್ಯಯನ ಹೇಳಿತ್ತು, ಐದು ಜನರ ಮರಿಗೆ ಹೆದರಿಕೆ ಕಡಿಮೆ. ಸರಿ, ಅವತ್ತಿನಿಂದ ಡ್ಯೂಟಿ ಹಂಚಿದೆ. ರೈಟರ್ ಬೆಳಿಗ್ಗೆ ಹಾಜರಿ ಮುಗಿಸಿ ಹತ್ತು ನಿಮಿಷ, ಬೂಟು ಬಿಚ್ಚಿ. ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಇರುವ ಅಸ್ಸಾಂ ಹುಡುಗರು ಮಳೆ ಜೋರಾಗಿ ಕೆಲಸ ನಿಂತಾಗ. ಅವರ ಭಾಷೆ ನನಗೆ ಬಾರದು, ಮರಿಗಳಿಗೆ ಬಂದ ಹಾಗಿತ್ತು. "ಅಮ್ಮಾ, ಬೆಕ್ಕಿಗೂ ಹಾಜರಿ ಪುಸ್ತಕ ಬೇಕಾ?" ಅಂತ ರೈಟರ್ ಕೇಳಿದರು. ನಕ್ಕರೂ ಒಂದು ದಿನವೂ ತಪ್ಪಿಸಲಿಲ್ಲ.

ಶಬ್ದಕ್ಕೂ ಹೀಗೇ. ಊಟದ ಹೊತ್ತಿಗೆ ದೂರದ ಕೋಣೆಯಲ್ಲಿ ಮಿಕ್ಸಿ, ನಾಲ್ಕು ದಿನ ಬಿಟ್ಟು ಪಕ್ಕದ ಕೋಣೆಯಲ್ಲಿ. ಕುಕ್ಕರ್ ಸೀಟಿ, ಕಳೆ ಹೊಡೆಯುವ ಮಿಷನ್, ಜೀಪು. ಬೆತ್ತದ ಬುಟ್ಟಿಯನ್ನು ಬಾಗಿಲು ತೆಗೆದು ಅಲ್ಲೇ ಇಟ್ಟಿದ್ದೆ, ಒಳಗೆ ನನ್ನ ಹಳೆಯ ಅಂಗಿ. ತಾವಾಗಿಯೇ ಹೋಗಿ ಮಲಗುತ್ತಿದ್ದವು. ಎಂಟನೇ ವಾರ ಮೊದಲ ಲಸಿಕೆಗೆ ಪಶು ಆಸ್ಪತ್ರೆಗೆ ಹೋದಾಗ ಅದೇ ಬುಟ್ಟಿ. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಲಸಿಕೆ ಆಗಿರಲಿ ಬಿಡಲಿ, ಯಾರಿಗಾದರೂ ಕಚ್ಚಿದರೆ, ಪರಚಿ ಗಾಯವಾದರೆ, ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. "ಮನೆ ಬೆಕ್ಕು ತಾನೆ" ಅನ್ನಬೇಡಿ.

ನಮ್ಮ ಕೊಡಗಿನ ಕಕ್ಕಡ ತಿಂಗಳ 18ರ ದಿನ ಮದ್ದುಸೊಪ್ಪಿನ ಪಾಯಸಕ್ಕೆ ಮನೆ ತುಂಬ ನೆಂಟರು. ನನಗೆ ಎದೆ ಢವಢವ, ಪರೀಕ್ಷೆಗೆ ಮಗುವನ್ನು ಕಳಿಸಿದ ಹಾಗೆ. ಮರಿಗಳು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು, ಬಂದವರ ಚಪ್ಪಲಿ ಮೂಸಿ, ಒಳಗೆ ಬಂದವು. ಮೆಣಸು, ಬೆಕ್ಕು ಕಂಡರಾಗದ ನಮ್ಮ ಮಾವನ ತೊಡೆಯನ್ನೇ ಹುಡುಕಿಕೊಂಡು ಹೋಗಿ ಕೂತಿತು. ಅವರು ಬೆಕ್ಕನ್ನು ದಿಟ್ಟಿಸುವುದಿಲ್ಲ, ಕರೆಯುವುದಿಲ್ಲ, ಮುಟ್ಟುವುದಿಲ್ಲ, ಬೆಕ್ಕಿಗೆ ಬೇಕಾದ್ದು ಅಷ್ಟೇ. ಅತ್ತ ಒಬ್ಬರ ಮಗು ಇನ್ನೊಂದು ಮರಿಯನ್ನು ಚೆಂಡಿನ ಹಾಗೆ ಎತ್ತಿ ಹಿಸುಕುತ್ತಿತ್ತು, ಅಮ್ಮ ಫೋಟೋ ತೆಗೆಯುತ್ತಿದ್ದಳು. ನಾನು ಹೋಗಿ ಬಿಡಿಸಿದೆ. ಆ ಅಮ್ಮನ ಮುಖ ಸಣ್ಣದಾಯಿತು. ಆಗಲಿ. ಮಗುವಿಗೆ ನೆಲದಲ್ಲಿ ಕೂತು ಬೆರಳು ಚಾಚಲು ಹೇಳಿಕೊಟ್ಟರೆ ಎರಡೇ ನಿಮಿಷದಲ್ಲಿ ಕಲಿಯುತ್ತದೆ, ಅದೂ ಕಲಿಯಿತು.

ಪುತ್ತರಿ ಸುಗ್ಗಿ ಹಬ್ಬದಲ್ಲಿ ಮಾತ್ರ ನಾನು ಎಡವಿದೆ. ಫೋನಿನಲ್ಲಿ ಪಟಾಕಿ ಸದ್ದು ಸಣ್ಣಗೆ ಹಾಕಿ ಊಟ ಕೊಟ್ಟು ಅಭ್ಯಾಸ ಮಾಡಿಸಿದ್ದೆ, ಸಾಕು ಅಂದುಕೊಂಡಿದ್ದೆ. ಕದಿರು ಕೊಯ್ಯುವಾಗ ಪಕ್ಕದ ಗದ್ದೆಯಲ್ಲಿ ಕೋವಿ ಹಾರಿತು ನೋಡಿ, ಮೆಣಸು ಅಟ್ಟ ಸೇರಿದ್ದು ಒಂದೂವರೆ ದಿನ ಇಳಿಯಲಿಲ್ಲ. ಮೊದಲೇ ಒಳಕೋಣೆಯಲ್ಲಿ ಕೂಡಿಹಾಕಿ ಬಾಗಿಲು ಮುಚ್ಚಬೇಕಿತ್ತು. ಏಣಿಯ ಕೆಳಗೆ ತಟ್ಟೆ ಇಟ್ಟು, ಕರೆಯದೆ ಕಾದೆ. ಮೂರನೇ ದಿನ ಬೆಳಿಗ್ಗೆ ಮೈತುಂಬ ಜೇಡರ ಬಲೆ ಹಚ್ಚಿಕೊಂಡು ಇಳಿದು ಬಂದು, ಏನೂ ಆಗಿಲ್ಲವೆಂಬಂತೆ ರೈಟರ್ ಬೂಟಿನ ಪಕ್ಕ ಕೂತಿತು.

ಅಂದ ಹಾಗೆ ಯಾರೂ ಮರಿ ಕೇಳಬೇಡಿ. ಮೂರನ್ನು ಹನ್ನೆರಡು ವಾರ ತುಂಬಿದ ಮೇಲೆ ಕೊಟ್ಟಾಯಿತು, ತಾಯಿಗೆ ಆಪರೇಶನ್ ಮಾಡಿಸಿದ್ದೇನೆ.

ತಂಗಿಗೆ ಕೊನೆಗೂ ಫೋನ್ ಮಾಡಿ ಹೇಳಿದೆ. ಹಿಂದೆ ಓಡಬೇಡ, ಹಿಡಿಯಬೇಡ. ತಟ್ಟೆ ಇಟ್ಟು ಹೊರಗೆ ಹೋಗುವ ಬದಲು ಬಾಗಿಲ ಹತ್ತಿರ ನೆಲದಲ್ಲಿ ಕೂತ್ಕೋ, ಪಕ್ಕಕ್ಕೆ ತಿರುಗಿ. ವಾರಕ್ಕೊಂದು ಟೈಲ್ಸ್‌ನಷ್ಟು ಮುಂದೆ ಬಾ, ಅದು ತಿನ್ನೋದು ನಿಲ್ಲಿಸಿದರೆ ಹಿಂದೆ ಹೋಗು. ಇನ್ನೂ ಒಂದು ವರ್ಷ ಬೇಕಾಗಬಹುದು, ತೊಡೆ ಮೇಲೆ ಯಾವತ್ತೂ ಬರದೇ ಇರಬಹುದು. "ಅಷ್ಟೊಂದು ತಾಳ್ಮೆ ನನ್ನ ಗಂಡನ ಮೇಲೂ ಇಲ್ಲ" ಅಂದಳು.

ನಿನ್ನೆ ರಾತ್ರಿ ಒಂದು ಫೋಟೋ ಕಳಿಸಿದ್ದಾಳೆ. ಅಡುಗೆಮನೆ, ನಾಲ್ಕು ಟೈಲ್ಸ್ ಆಚೆ ತಟ್ಟೆ, ಫ್ರಿಜ್ಜಿನ ಹಿಂದಿನಿಂದ ಅರ್ಧ ಬೆಕ್ಕು. ಈಚೆ ನೆಲದ ಮೇಲೆ ನೈಟಿ ಮುದುಡಿ ಕೂತವಳ ಮಂಡಿ ಮಾತ್ರ ಕಾಣುತ್ತದೆ. ಕೆಳಗೆ ಬರೆದಿದ್ದಾಳೆ: "ತಿಂತು. ಕಾಲು ಜೋಮು ಹಿಡಿದಿದೆ, ಏಳೋಕೆ ಆಗ್ತಿಲ್ಲ."