ದೊಡ್ಡಮ್ಮನ ಕೊಡೆ

ಒಂದು ಹನಿ ಮಳೆಯಿಲ್ಲದ ದಿನ ಸಾಗರದ ದೊಡ್ಡಮ್ಮ ಉದ್ದ ಹಿಡಿಯ ಕಪ್ಪು ಕೊಡೆ ಹಿಡಿದು ಲಾಲ್‌ಬಾಗಿಗೆ ಹೊರಟಾಗಲೇ ನನಗೆ ಅನುಮಾನ ಬರಬೇಕಿತ್ತು. ಮಲೆನಾಡಿನವರು, ಶ್ರಾವಣದಲ್ಲಿ ಕೊಡೆ ಬಿಟ್ಟು ಹೊಸಿಲು ದಾಟುವುದಿಲ್ಲ ಅಂದುಕೊಂಡು ಸುಮ್ಮನಾದೆ.

ಅದು 2023ರ ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ. 1889ರಷ್ಟು ಹಳೆಯ ಗಾಜಿನ ಮನೆಯೊಳಗೆ ಹೂವಿನಲ್ಲೇ ವಿಧಾನಸೌಧ ಎದ್ದಿತ್ತು. ನಿಜವಾದದ್ದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಪ್ರತಿಮೆಯೂ ಇತ್ತು. ಜನವೋ ಜನ! ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದರೆ, ದೊಡ್ಡಮ್ಮ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

"ಮೊನ್ನೆ ಒಂದು ಮಾರು ಸೇವಂತಿಗೆಗೆ ಎಷ್ಟು ಕೊಟ್ಯೋ?"

"ನೂರು ರೂಪಾಯಿ."

"ಹಬ್ಬ ಎದುರಿಗಿದೆ. ಇಲ್ಲಿ ನೋಡಿದ್ರೆ ಗೋಡೆಗೆಲ್ಲ ಹೂವು ಮೆತ್ತಿದಾರೆ! ಮೇಲಿನ ಗೋಪುರ ಒಂದನ್ನ ಇಳಿಸಿದ್ರೆ ನಮ್ಮ ಕೇರಿಯ ಅಷ್ಟೂ ವರಮಹಾಲಕ್ಷ್ಮಿಗೆ ಸಾಕು ಮಾರಾಯಾ."

ಆಮೇಲೆ ಕೆಂಪೇಗೌಡರ ಗೋಪುರದ ಬಂಡೆ ತೋರಿಸಿದೆ. ಮುನ್ನೂರು ಕೋಟಿ ವರ್ಷ ಹಳೆಯದು ಅಂದೆ. "ಹಪ್ಪಳ ಒಣಗಿಸೋಕೆ ಒಳ್ಳೇ ಜಾಗ" ಅಂದರು.

ಕುಂಡಗಳ ಸಾಲಿಗೆ ಬಂದ ಮೇಲೆ ದೊಡ್ಡಮ್ಮನ ನಡಿಗೆ ನಿಧಾನವಾಯಿತು. ಹತ್ತು ಹೆಜ್ಜೆಗೊಮ್ಮೆ ಮಂಡಿನೋವು. ಅದೇನೋ, ಕ್ರೋಟನ್ ಕಂಡಲ್ಲೇ ಜಾಸ್ತಿ. ಪ್ರತಿ ಸಲವೂ ಕೊಡೆ ಊರಿ ಬಗ್ಗುತ್ತಿದ್ದರು, ಏಳುವಾಗ ಮುಖ ಅರಳಿರುತ್ತಿತ್ತು. ಪಾಪ ಅನ್ನಿಸಿತು. ಮಾರಾಟಕ್ಕಿಟ್ಟ ಗಿಡಗಳತ್ತ ಕೈ ತೋರಿಸಿ, "ಬೇಕಾದ್ದು ತಗೊಳ್ಳಿ, ನಾನು ಕೊಡಿಸ್ತೀನಿ" ಅಂದೆ.

"ದುಡ್ಡು ಕೊಟ್ಟು ತಂದ ಗಿಡ ಬರಲ್ಲ ಕಣೋ. ಕದ್ದದ್ದೇ ಚೆನ್ನಾಗಿ ಬರೋದು."

ಯಾವುದೋ ಹಳೇ ಕಾಲದ ಮಾತು ಅಂತ ನಕ್ಕುಬಿಟ್ಟೆ.

ಗೇಟಿನ ಹತ್ತಿರ ಬಿಸಿಲು ಚುರುಗುಟ್ಟುತ್ತಿತ್ತು. ವಯಸ್ಸಾದವರು, ತಲೆಗೆ ನೆರಳಿರಲಿ ಅಂತ ನಾನೇ ಅವರ ಕೈಯಿಂದ ಕೊಡೆ ಕಿತ್ತುಕೊಂಡೆ. "ಬೇಡ್ವೋ, ಬೇಡ್ವೋ" ಅನ್ನುತ್ತಲೇ ಇದ್ದರು. ಸಂಕೋಚ ಇರಬೇಕು ಅಂತ ಇನ್ನೂ ಜೋರಾಗಿ ಬಿಚ್ಚಿದೆ.

ನನ್ನ ತಲೆಯ ಮೇಲೆ ಕ್ರೋಟನ್ ಸುರಿಯಿತು. ಹಿಂದೆಯೇ ದಾಸವಾಳದ ಕಡ್ಡಿ ನಾಲ್ಕು. ಬೇರಿನ ಸಮೇತ ಬಂದಿದ್ದ ಯಾವುದೋ ಬಳ್ಳಿ ಕನ್ನಡಕಕ್ಕೆ ನೇತುಬಿತ್ತು. ಎದುರಿಗೆ, ಎರಡೇ ಮಾರು ದೂರದಲ್ಲಿ, ಕಾವಲಿನವನು.

ಅವನು ನನ್ನನ್ನೇ ನೋಡಿದ. ಕೊಡೆ ನನ್ನ ಕೈಯಲ್ಲೇ ಇತ್ತಲ್ವಾ! ದೊಡ್ಡಮ್ಮ ಆಗಲೇ ಎರಡು ಹೆಜ್ಜೆ ಆಚೆ ಸರಿದು, ಪರಿಚಯವೇ ಇಲ್ಲದವರ ಹಾಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಬೈಗುಳವೆಲ್ಲ ನನಗೇ. ತಲೆ ತಗ್ಗಿಸಿ ಕಡ್ಡಿಗಳನ್ನು ಆರಿಸಿ ಅವನ ಕೈಗಿಟ್ಟೆ.

ಹೊರಗೆ ಬಂದು ಆಟೋ ಹತ್ತಿದರೂ ನನಗೆ ಮಾತು ಹೊರಡಲಿಲ್ಲ. ದೊಡ್ಡಮ್ಮನೇ ಪಿಸುಗುಟ್ಟಿದರು. "ನೀನು ಬೈಸಿಕೊಳ್ಳೋವಾಗ ಹಸಿರು ಸೀರೆಯವಳು ಒಬ್ಬಳು ಒಂದು ಕಡ್ಡಿ ಎತ್ತಿ ಬ್ಯಾಗಿಗೆ ಹಾಕ್ಕೊಂಡ್ಲು. ಪುಣ್ಯವಂತೆ. ಕದ್ದದ್ದನ್ನೇ ಕದ್ದಿದಾಳೆ, ಹೆಂಗೆ ಬರತ್ತೆ ನೋಡ್ತಿರು!"